ಅಲ್ ಐನ್‌ನಲ್ಲಿ ಐಸು ಸವರುವ ಕೆಲಸ

ರಾತ್ರಿ ಹನ್ನೊಂದಾದರೂ ಹೊರಗೆ ಮೂವತ್ತೆಂಟು ಡಿಗ್ರಿ.
ಒಳಗೆ ನಾನು, ಸ್ವೆಟರು ತೊಟ್ಟು,
ಸುತ್ತಿನ ಮೇಲೆ ಸುತ್ತು ಗಾಡಿ ಓಡಿಸುತ್ತೇನೆ,
ಗೀರು ಬಿದ್ದ ಐಸಿನ ಮೇಲೆ
ಬಿಸಿನೀರಿನ ತೆಳ್ಳನೆ ಪದರ.

ಗಂಗೊಳ್ಳಿ ಬಂದರಿನಲ್ಲಿ ಐಸು ಒಡೆಯುವುದೇ ಕೆಲಸವಾಗಿತ್ತು,
ಬಂಗುಡೆಯ ಕಣ್ಣು ಮುಚ್ಚುವಷ್ಟು ಪುಡಿ.
ಇಲ್ಲಿ ಒಡೆದದ್ದನ್ನು ಕೂಡಿಸಿದರೆ ಸಂಬಳ.

ಹೋದ ವರ್ಷ ಕಾಲೇಜು ತಂಡ ಎರಡೇ.
ಅವರವರೇ ಆಡಿ ಅವರವರೇ ಗೆದ್ದರು.
ಈ ಸಲ ಏಳು! ಲೀಗಿನ ಪಟ್ಟಿ ಗೋಡೆಗೆ ಬಂದಿದೆ:
ದುಬೈ, ಶಾರ್ಜಾ, ಫುಜೈರಾ...
ಬಸ್ಸಿನ ದುಡ್ಡು ಹೊಂದದ ತಂಡದ ಹೆಸರು ಮಾತ್ರ
ಪೆನ್ಸಿಲಿನಲ್ಲಿ.

ಗೋಲಿ ಶಮ್ಸಾಗೆ ಪ್ಯಾಡು ಇನ್ನೂ ದೊಡ್ಡದು,
ಯಾರೋ ಅಣ್ಣನದಿರಬೇಕು.
ಹೆಲ್ಮೆಟ್ಟಿನೊಳಗೆ ಶೇಲಾ ತುರುಕುತ್ತ
"ರಫೀಕ್, ನನ್ನ ಗೋಲಿನ ಮುಂದೆ ಇನ್ನೊಂದು ಸುತ್ತು" ಅಂದಳು.
ಹಾಕಿದೆ. ಮ್ಯಾನೇಜರು ಗಡಿಯಾರ ನೋಡಿದ.

ಒಂಬತ್ತು ಸೊನ್ನೆ.
ಸೋತವರು ಮೊದಲು ನಕ್ಕರು.
ಆಮೇಲೆ ಲೇಸು ಬಿಚ್ಚುತ್ತ ಒಬ್ಬಳು ಕೇಳಿದಳು,
ಶುಕ್ರವಾರ ಎಷ್ಟು ಹೊತ್ತಿಗೆ ತೆರೆಯುತ್ತೀರಿ?

ಕೆರೆದ ಪುಡಿಯನ್ನು ಹಿಂಬಾಗಿಲಾಚೆ
ಮರಳಿಗೆ ಸುರಿಯುತ್ತೇನೆ.
ಎರಡು ಬೆಕ್ಕು ಓಡಿ ಬರುತ್ತವೆ,
ಮೂಸುತ್ತವೆ,
ಮೀನೆಲ್ಲಿ ಅಂತ
ನನ್ನನ್ನೇ ನೋಡುತ್ತವೆ.