ಐದನೇ ಜೇಬು

ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ
ದಿನಕ್ಕೆ ಆರುನೂರು ಕಾಲುಗಳಿಗೆ ಒಳಹೊಲಿಗೆ ಹಾಕುತ್ತೇನೆ,
ತೊಡೆಯಿಂದ ಹಿಮ್ಮಡಿವರೆಗೆ, ಜೋಡಿ ದಾರ, ಹದಿನೆಂಟರ ಸೂಜಿ.
ನನ್ನ ಎರಡು ಕಾಲಿಗೆ ಏನು ಹಾಕಬೇಕೆಂದು
ಹದಿನೈದು ದಿನದಿಂದ ಯೋಚಿಸುತ್ತಿದ್ದೇನೆ.

ಭಾನುವಾರ ನಲವತ್ತೆರಡು ಕಿಲೋಮೀಟರು.
ಕೋಟೆ ಬುಡದಿಂದ ಹೊರಟು, ಕುಡಿತಿನಿ ದಾಟಿ, ಮತ್ತೆ ಕೋಟೆಗೆ.
ಬಳ್ಳಾರಿಗೆ ಎರಡೇ ಕಾಲ ಅಂತಾರೆ: ಬೇಸಿಗೆ, ಕಡುಬೇಸಿಗೆ.
ಓಟ ಇರುವುದು ಡಿಸೆಂಬರಿನಲ್ಲಿ,
ಅಂದರೆ ಬೇಸಿಗೆಯಲ್ಲಿ.

ಮೊದಲು ಶೂ.
ಹನ್ನೆರಡು ಸಾವಿರದ್ದು ತೋರಿಸಿದ ಅಂಗಡಿ ಹುಡುಗ,
“ಮೋಡದ ಮೇಲೆ ನಿಂತಂಗೆ ಇರ್ತದಕ್ಕ.”
ನಮ್ಮೂರಲ್ಲಿ ಮೋಡ ಎಷ್ಟು ದಿನ ನಿಲ್ತದೋ ತಮ್ಮಾ, ಅಂದೆ.
ಹೋದ ವರ್ಷದ ಮಾಡಲ್ಲು, ಮೂರನೇ ಒಂದು ಬೆಲೆಗೆ.
ಬಿಳಿ ಬೇಡವೆಂದೆ. ಅದಿರಿನ ಲಾರಿ ಹೋಗುವ ರಸ್ತೆಯಲ್ಲಿ
ಬಿಳಿ ಎನ್ನುವುದು ಒಂದು ದಿನದ ಬಣ್ಣ.
ಸಂಜೆ ಏಳಕ್ಕೆ ಹೋಗಿ ಅಳತೆ ನೋಡಿದೆ,
ಹನ್ನೊಂದು ತಾಸು ಪೆಡಲು ತುಳಿದು ಪಾದ ಊದಿರುವಾಗ.
ಮೂವತ್ತನೇ ಕಿಲೋಮೀಟರಿನ ಪಾದವೂ ಇದೇ ಅಳತೆ ಇರಬೇಕು.

“ಓಟದ ದಿನ ಹೊಸದೇನೂ ಬೇಡ ಗಾದೆಮ್ಮ,
ಕಾಲುಚೀಲ ಸಹಿತ ಹಳೇದಿರಲಿ” ಅಂದಿದ್ದಾರೆ
ರೈಲ್ವೆಯಿಂದ ನಿವೃತ್ತರಾದ ಖಾಜಾಮೊಯಿನ್ ಸಾರು.
ನಮ್ಮತ್ತೆಗೆ ಇದು ಹಿಡಿಸಲಿಲ್ಲ.
ಉಗಾದಿಗೆ ಲಂಗೋಟಿಯಾದರೂ ಹೊಸದು ಬೇಕೆನ್ನುವವಳು.
“ಅಷ್ಟು ಜನದ ಮುಂದೆ ಹಳೇ ಬಟ್ಟೆಲಿ ಓಡ್ತೀಯಾ?”
ಓಟದವರು ಕೊಟ್ಟ ಹೊಸ ಟೀ ಶರ್ಟನ್ನು ಅವಳಿಗೇ ಕೊಟ್ಟೆ.
ಸೀರೆಯ ಮೇಲೆ ತೊಟ್ಟು ಕಟ್ಟೆಗೆ ಕೂತಿದ್ದಾಳೆ,
ಬೆನ್ನ ಮೇಲೆ ಇಂಗ್ಲಿಷಿನಲ್ಲಿ ‘ಓಟಗಾರ’.

ಎದೆಗೆ ಏನು ತೊಡಬೇಕೆಂದು ಯಾರೂ ಹೇಳಲಿಲ್ಲ.
ಸಾರು ಏಕಶಿಲಾ ಬೆಟ್ಟವನ್ನು ನೋಡಿದರು.
ಅಂಗಡಿ ಹುಡುಗ ಪೊಟ್ಟಣವಿಟ್ಟು ಫೋನು ನೋಡಿದ.
ಆಸ್ಪತ್ರೆಯ ನರ್ಸು ಲಲಿತಾಬಾಯಿ ಮಾತ್ರ ಬಿಡಿಸಿ ಹೇಳಿದಳು:
ಹಾಕ್ಕೊಂಡು ಕುಣಿದು ನೋಡು.
ನಲವತ್ತೊಂದು ವರ್ಷದವಳು, ಬಾಗಿಲು ಚಿಲಕ ಹಾಕಿ,
ಕನ್ನಡಿಯೆದುರು
ಹಗ್ಗವಿಲ್ಲದೆ ಹಗ್ಗದಾಟ ಆಡಿದೆ.

ಮಂಡಿಯ ಕೆಳಗಿನವರೆಗೆ ಬರುವ ಬಿಗಿ ಚಡ್ಡಿ,
ಕೊಂಡವಳೇ ಒಳಗು ಹೊರಗು ಮಾಡಿದೆ. ನಮ್ಮ ಕಸುಬಿನ ಚಟ,
ಮುಖಕ್ಕಿಂತ ಮೊದಲು ಬೆನ್ನು ನೋಡುವುದು.
ಒಳಹೊಲಿಗೆ ನುಲಿದ ಹಗ್ಗದಷ್ಟು ದಪ್ಪ.
ಆಲೂರಿನವರೆಗೆ ಓಡಿದ ದಿನವೇ ತೊಡೆ ಕಿತ್ತು ರಕ್ತ ಬಂತು.
ಸ್ನಾನದ ಮನೆಯಲ್ಲಿ ನೀರು ಬಿದ್ದಾಗ ಚೀರಿದೆ.
ಮರುದಿನ ಮಿಷನ್ನಿನ ಮುಂದೆ ಕೂತರೆ ಕೈ ಓಡಲಿಲ್ಲ.
ಹತ್ತೊಂಬತ್ತು ವರ್ಷ ನಾನು ಹಾಕಿದ ಹೊಲಿಗೆ
ಯಾವ ಊರಿನಲ್ಲಿ, ಯಾರ ತೊಡೆಯನ್ನು
ಹೀಗೆ ತಿಂದಿದೆಯೋ.

ಬಿಚ್ಚಿದೆ. ಚಪ್ಪಟೆ ಮಾಡಿ ಮತ್ತೆ ಹೊಲಿದೆ.
ದಾರದ ದುಡ್ಡು ಹಿಡ್ಕೊಳ್ಳಿ ಎಂದರೆ ಮಾಲೀಕರು ನಕ್ಕರು.
ಜೊತೆಗೆ ಡೆನಿಮ್ ಚೂರಿನಲ್ಲಿ ಸೊಂಟಕ್ಕೊಂದು ಪುಟ್ಟ ಜೇಬು,
ಜೀನ್ಸಿನ ಐದನೇ ಜೇಬಿನ ಅಳತೆಯದು,
ಲಕ್ಷಗಟ್ಟಲೆ ಹೊಲಿದಿದ್ದೇವೆ,
ಯಾತಕ್ಕೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಶನಿವಾರ ರಾತ್ರಿ ಎಲ್ಲ ಕುರ್ಚಿಗೆ ಹರಡಿದೆ.
ಯಾರೋ ತೆಳ್ಳಗಿನವಳು ಕೂತು ಕಾಯುತ್ತಿರುವ ಹಾಗೆ ಕಂಡಿತು.
ಎದೆಗೆ ಹಚ್ಚುವ ನಂಬರು ಬಂದಿತ್ತು, ಪಿನ್ನು ಬಂದಿರಲಿಲ್ಲ.
ಅತ್ತೆ ತನ್ನ ಬಳೆಗೆ ಸಿಕ್ಕಿಸಿದ್ದ ಗೊಂಚಲು ಬಿಡಿಸಿ
ಒಂದೊಂದೇ ಎಣಿಸಿ ಕೊಟ್ಟಳು, ಐದು.
ನಾಲ್ಕು ಸಾಕಿತ್ತು, ಅಂದೆ.
“ತಾಳಿಗೆ. ಒಳಗೆ ಸಿಗ್ಸಿಕೋ,
ಓಡುವಾಗ ಗದ್ದಕ್ಕೆ ಬಡೀತದ.”
ಅವಳು ಯಾವಾಗ, ಎಲ್ಲಿ ಓಡಿದ್ದಳೆಂದು
ಕೇಳಬೇಕೆನ್ನುವಷ್ಟರಲ್ಲಿ ಗೊರಕೆ ಶುರು.

ಜೇಬಿಗೆ ಎರಡು ಚಿಟಿಕೆ ಉಪ್ಪು, ಕಡಲೆಯಷ್ಟು ಬೆಲ್ಲ.
“ಆಧಾರ್ ಇಟ್ಕೋ” ಅಂದಳು ಮಗಳು ಮಲಗಿದಲ್ಲಿಂದಲೇ,
“ಕುಡಿತಿನಿಲಿ ಕಾಲು ಕೈಕೊಟ್ರೆ
ಬಸ್ಸಾದ್ರೂ ಪುಕ್ಕಟೆ ಸಿಗುತ್ತೆ.”
ಕಾರ್ಡು ತಂದೆ. ಉದ್ದಕ್ಕೆ ಹಿಡಿದೆ, ಅಡ್ಡ ಹಿಡಿದೆ.
ಬತ್ತಿಲ್ಲ ಕಣೇ, ಜೇಬು ಸಣ್ಣದಾಯ್ತು, ಅಂದೆ.

ಅಳತೆ ತೆಗೆದವಳು ನಾನೇ.