ಅತ್ತೆಯ ಕೋಟು

ಏಪ್ರಿಲ್ ಹತ್ತಕ್ಕೆ ನಾಯಿಯನ್ನು ದೋಣಿ ಹತ್ತಿಸಿ
ಆಚೆ ದಡದ ನಾದಿನಿಯ ಮನೆಗೆ ಕಳಿಸಿದೆವು.
ಸುತ್ತಿಗೆಗೆ ಗೋಣಿತಟ್ಟು ಸುತ್ತಿ ಅಟ್ಟಕ್ಕೆ.
ಕೆಂಪು ಹೊದಿಕೆ, ಹಳದಿ ಮಳೆಯಂಗಿ
ಇನ್ನೆರಡು ತಿಂಗಳು ಹೊರಗೆ ಒಣಹಾಕುವಂತಿಲ್ಲ.
ನಾರ್ವೆಯ ನಕ್ಷೆಯಲ್ಲಿ ನೊಣ ಕೂತಷ್ಟೇ ಇರುವ
ಈ ದ್ವೀಪದಲ್ಲಿ ವಸಂತವೆಂದರೆ
ಮನುಷ್ಯರು ದನಿ ತಗ್ಗಿಸುವುದು.

"ಬರುವವರು ಬಸುರಿಯರು" ಎನ್ನುತ್ತಿದ್ದಳು
ರಾಂಗ್‌ಫ್ರಿಡ್, ನನ್ನ ಅತ್ತೆ.
"ಹೆರಲು ಬಂದವರ ಎದುರು ಯಾರಾದರೂ
ಬಾಗಿಲು ಬಡಿಯುತ್ತಾರೇನು?"

ಮೊದಲ ವರ್ಷ ನಕ್ಕಿದ್ದೆ.
ಟ್ರಾಮ್ ಗಂಟೆಯ ಊರಿನಿಂದ ಬಂದವಳು ನಾನು;
ಕಾಡುಬಾತಿಗೆ ಅಂಜಿ ಪಿಸುಗುಡುವ ಮನೆಗೆ ಸೊಸೆ.
ಮಂಡಿಯೂರಿಸಿ ಕಲಿಸಿದಳು:
ಕಡಲು ಉಗುಳಿದ ಪಾಚಿ ಗಾಳಿಗೆ ಒಣಗಬೇಕು,
ಮರಳು ಕೊಡವಬೇಕು, ಬಿಡಿಸಬೇಕು,
ಮುಷ್ಟಿಯಿಂದ ಒತ್ತಿ ಒಂದು ಕುಳಿ.
"ಕೆನ್ನೆ ಇಟ್ಟು ನೋಡು.
ನಿನಗೆ ಚುಚ್ಚಿದರೆ ಅದಕ್ಕೂ ಚುಚ್ಚುತ್ತದೆ."
ಮೆಟ್ಟಿಲ ಕೆಳಗೆ, ಮಗುಚಿದ ದೋಣಿಯ ಅಡಿ,
ಕಲ್ಲು ಪೇರಿಸಿದ ಗೇಣುದ್ದದ ಮನೆಗಳೊಳಗೆ,
ಅಂಗಳಕ್ಕೆ ಎಸೆದ ಹಳೇ ಒಲೆಯ ಬಾಯಲ್ಲೂ ಒಂದು.
ನಲವತ್ತಮೂರು ಹಾಸಿಗೆ.
ಸಂಜೆ ನನ್ನ ಕೆನ್ನೆಯ ತುಂಬ ಗೆರೆ, ಉಪ್ಪು.

ಈ ಫೆಬ್ರವರಿಯಲ್ಲಿ ಸತ್ತಳು.
ಹಿಮಗಾಳಿಗೆ ಪಾದ್ರಿಯ ದೋಣಿ ಮೂರು ದಿನ ತಡ.
ಎಯ್ಲಿಫ್ ಅಮ್ಮನ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿದ,
ಕೋಟೊಂದನ್ನು ಬಿಟ್ಟು.
ಬೂದುಬಣ್ಣ, ಸವೆದ ಮೊಣಕೈ,
ಮೀನೆಣ್ಣೆ, ಕಾಫಿ, ಒದ್ದೆ ಉಣ್ಣೆಯ ವಾಸನೆ.
"ಅವಕ್ಕೆ ಇದರ ಗುರುತುಂಟು" ಅಂದ,
ನನ್ನತ್ತ ನೋಡದೆ.

ಹಾಕಿಕೊಂಡೆ. ತೋಳು ಗಿಡ್ಡ. ಗುಂಡಿ ಸೇರುವುದಿಲ್ಲ.
ಜೇಬಿನಲ್ಲಿ ಪೆನ್ಸಿಲ್ ತುಂಡು,
ಕಾಗದಕ್ಕೆ ಅಂಟಿದ ಕರ್ಪೂರದ ಮಿಠಾಯಿ,
ಹೋದ ವರ್ಷದ ಚೀಟಿ:
ಮೆಟ್ಟಿಲು ಐದು, ದೋಣಿ ನಾಲ್ಕು, ಒಲೆ ಸೊನ್ನೆ.
ನಾನು ಬಂದ ಹನ್ನೊಂದು ವರ್ಷದಲ್ಲಿ
ಆ ಒಲೆಗೆ ಯಾರೂ ಕಾಲಿಟ್ಟಿಲ್ಲ.
ಹನ್ನೊಂದು ವರ್ಷವೂ ಹಾಸಿದ್ದಳು.

ಮೇ ತಿಂಗಳು, ಕತ್ತಲು ತೆಳುವಾಗುವ ಕಾಲ,
ಕೊಲ್ಲಿಯಲ್ಲಿ ಗಂಡುಗಳ ಸದ್ದು: ಆಹೂ... ಆಹೂ...
ಯಾರದೋ ಗುಟ್ಟು ಕೇಳಿ ಬಾಯಿಗೆ ಕೈ ಹಿಡಿದವರ ಹಾಗೆ.
ತೊಗಟೆ ಬಣ್ಣದ ಹೆಣ್ಣುಗಳು
ಹುಲ್ಲು ಹತ್ತಿ ಬಂದವು, ಅವಸರವಿಲ್ಲದೆ,
ಬಾಡಿಗೆಮನೆ ನೋಡಲು ಬಂದವರಂತೆ
ಒಂದೊಂದು ಬಾಗಿಲಲ್ಲೂ ಕತ್ತು ತೂರಿಸಿ
ಏನೋ ಕೊರತೆ ಹುಡುಕಿ, ಹೊರಬಂದು, ಮತ್ತೆ ಒಳಹೊಕ್ಕು.

ಅಡುಗೆಮನೆ ಕಿಟಕಿಯ ಪರದೆಯ ಸಂದಿಯಿಂದ
ನಾವಿಬ್ಬರೂ ಕಳ್ಳರು.

ಹತ್ತನೆಯ ದಿನ ಎಣಿಸಲು ಹೊರಟೆ.
ಮೆಟ್ಟಿಲ ಕೆಳಗೆ ಬಾಗಿದೆ.
ಕೂತಿದ್ದದ್ದು ಕತ್ತು ನಿಮಿರಿಸಿತು,
ರೆಕ್ಕೆ ಅರ್ಧ ಬಿಚ್ಚಿತು.
ಕೋಟು ಅದನ್ನು ಏಮಾರಿಸಲಿಲ್ಲ.
ಇನ್ನೊಂದು ಉಸಿರಿಗೆ ಎದ್ದು ಹಾರಿದರೆ
ಮೊಟ್ಟೆ ತಣ್ಣಗೆ, ಮೇಲೆ ಕಡಲಹದ್ದು.
ಆಗ ನೆನಪಾಯಿತು:
ಅವಳು ಸುಮ್ಮನೆ ಹೋಗುತ್ತಿರಲಿಲ್ಲ.
ಕತ್ತಲಲ್ಲಿ ಮಗುವಿನ ಕೋಣೆ ಹೊಕ್ಕವಳಂತೆ
ಗಂಟಲಲ್ಲೇ ಅನ್ನುತ್ತಿದ್ದಳು,
ನಾನೇ, ನಾನೇ.

ಅಂದೆ:
ನಾನೇ.
ನಾನೇ.

ಅದು ನೋಡಿತು. ತುಂಬ ಹೊತ್ತು.
ಸುಳ್ಳು ಅಂತ ಅದಕ್ಕೆ ಗೊತ್ತಿತ್ತು ಅಂತಲೇ ನನ್ನ ನಂಬಿಕೆ.
ರೆಕ್ಕೆ ಮಡಿಸಿತು.
ಎದೆಯ ತುಪ್ಪುಳ ಕೊಕ್ಕಿನಲ್ಲಿ ಕಿತ್ತು
ಮೊಟ್ಟೆಯ ಅಂಚಿಗೆ ಒತ್ತಿ
ಮತ್ತೆ ಕೂತಿತು.

ಜುಲೈಗೆ ಮರಿಗಳ ಹಿಂದೆ ನೀರಿಗಿಳಿದು ಹೋದವು.
ಬಿಟ್ಟುಹೋದ ತುಪ್ಪುಳ ಹೆಕ್ಕಿದೆವು;
ಅಂಗೈ ಮೇಲಿಟ್ಟರೆ ತೂಕವಿಲ್ಲ, ಶಾಖವುಂಟು.
ಹೊಸ ಚೀಟಿ ಬರೆದೆ ಅದೇ ಪೆನ್ಸಿಲಿನಲ್ಲಿ:
ಮೆಟ್ಟಿಲು ಆರು, ದೋಣಿ ಎರಡು, ಒಲೆ ಸೊನ್ನೆ.

ನಾಯಿ ವಾಪಸು ಬಂತು, ಇಡೀ ದಿನ ಬೊಗಳಿತು.
ಎಯ್ಲಿಫ್ ಅಟ್ಟದಿಂದ ಸುತ್ತಿಗೆ ಇಳಿಸಿ
ಸಡಿಲಾದ ಹಲಗೆಗೆ ಮೊಳೆ ಹೊಡೆದ.
ಮೊದಲ ಪೆಟ್ಟಿಗೆ ಇಬ್ಬರೂ ಬೆಚ್ಚಿ
ಮೆಟ್ಟಿಲ ಕಡೆ ನೋಡಿದೆವು.
ಅಲ್ಲಿ ಯಾರೂ ಇರಲಿಲ್ಲ.
ಎರಡನೆಯ ಪೆಟ್ಟನ್ನು ಅವನು ಮೆಲ್ಲಗೆ ಹೊಡೆದ.