ಸಂಪು

ಮೂರು ಶನಿವಾರ ಅಲೆದೆ.
ರೆಸಿಡೆನ್ಸಿ ರಸ್ತೆಯಲ್ಲಿ ಹೊಸದಕ್ಕೆ ಇಪ್ಪತ್ತೆಂಟು ಸಾವಿರ,
ಗಾಜಿನ ಈಚೆಯಿಂದಲೇ ನಮಸ್ಕಾರ.
ಇನ್ನೊಂದು ಅಂಗಡಿಯ ಹುಡುಗ
ಮುನ್ನೂರು ಸದ್ದು ಇದೆ ಮೇಡಂ, ಮುನ್ನೂರು, ಎಂದ.
ನಾನು ಕೇಳಿದ್ದು ಬೇರೆ:
ಕಾಲಲ್ಲಿ ಒತ್ತಿ ಒಂದು ಸದ್ದಿನಿಂದ ಇನ್ನೊಂದಕ್ಕೆ ಹೋಗುವಾಗ
ನಡುವೆ ಉಸಿರು ಕಟ್ಟುತ್ತಾ?
ಅವನು ಕ್ಯಾಟಲಾಗ್ ತಿರುವಿದ.

ಕೊನೆಗೆ ಕಾಕ್ಸ್ ಟೌನು, ಡೆಸ್ಮಂಡ್ ಅಂಕಲ್ ಮನೆ.
ಬೆರಳ ಗಂಟು ಊದಿ ನುಡಿಸೋದು ಬಿಟ್ಟವರು
ಟವೆಲಲ್ಲಿ ಸುತ್ತಿಟ್ಟಿದ್ದರು.
ಎಂಟೂವರೆ ಸಾವಿರ, ಚೀಟಿ ದುಡ್ಡು, ಎಣಿಸಿ ಕೊಟ್ಟೆ.
ಮೂರನೇ ಪೆಡಲಿನ ರಬ್ಬರು ಒಂದೇ ಕಡೆ ಸವೆದಿತ್ತು.
"ಅಡಾಪ್ಟರ್ ಮಾತ್ರ ಬೇರೆ ಹಾಕಬೇಡಮ್ಮ.
ಒಂಬತ್ತು ವೋಲ್ಟು, ಸೆಂಟರ್ ನೆಗೆಟಿವ್.
ತಪ್ಪಿದರೆ ಹೊಗೆ."
ಬಾಗಿಲಲ್ಲಿ ಮತ್ತೆ ಹೇಳಿದರು,
ಗೇಟಿನ ತನಕ ಬಂದು ಮೂರನೇ ಸಲ.

ನಮ್ಮನೆ ಶ್ರೀರಾಮಪುರ, ಎರಡನೇ ಮಹಡಿ.
ಹೆಡ್‌ಫೋನ್ ಹಾಕಿದರೆ ಕೆಳಗಿನವರಿಗೆ ಕೇಳೋದು
ತಂತಿಯ ಟಿಣ್ ಟಿಣ್ ಅಷ್ಟೇ,
ಯಾರೋ ಬಾಚಣಿಗೆ ಹಲ್ಲು ಮೀಟಿದ ಹಾಗೆ.
ನನ್ನ ಕಿವಿಯೊಳಗೆ ವಿಮಾನ ಇಳಿಯುತ್ತಿರುತ್ತದೆ.

ಮೊದಲ ವಾರ ಎಲ್ಲವನ್ನೂ ಹಾಕಿದೆ,
ಕೋರಸ್ಸು, ಫ್ಲ್ಯಾಂಜರು, ವಾವಾ, ಡಿಲೇ ಮೇಲೆ ಡಿಲೇ.
ತಿಳಿಸಾರಿಗೆ ಚಕ್ಕೆ ಲವಂಗ.
ಗಿಟಾರ್ ಎಲ್ಲಿ ಹೋಯಿತೆಂದು ನನಗೇ ತಿಳಿಯಲಿಲ್ಲ.
ಆಮೇಲೆ ಒಂದೊಂದಾಗಿ ಆರಿಸುತ್ತ ಬಂದೆ.
ಡಿಸ್ಟಾರ್ಷನ್ ಅರ್ಧಕ್ಕೆ. ನಾಯ್ಸ್ ಗೇಟು ಒಂಚೂರು;
ಬಿಗಿ ಮಾಡಿದರೆ ಸ್ವರದ ಬಾಲ ಕತ್ತರಿಸುತ್ತೆ,
ಬಸ್ಸಿನ ಬಾಗಿಲಿಗೆ ಸೆರಗು ಸಿಕ್ಕ ಹಾಗೆ.

ರಿವರ್ಬಿನಲ್ಲಿ ಸಿಕ್ಕಿಕೊಂಡೆ.
ಪುಟ್ಟ ಪರದೆಯ ಮೇಲೆ ಹಾಲು, ಚರ್ಚು, ರೂಮು, ಪ್ಲೇಟು, ಸ್ಪ್ರಿಂಗು.
ಯಾರ ಹಾಲು? ಯಾವೂರ ಚರ್ಚು?
ನಾವು ನುಡಿಸೋದು ಶಾಮಿಯಾನದ ಕೆಳಗೆ,
ಅಲ್ಲಿ ಸದ್ದು ಎದ್ದ ಜಾಗದಲ್ಲೇ ಬಿದ್ದು ಸಾಯುತ್ತದೆ.

ನನಗೆ ಗೊತ್ತಿದ್ದ ಪ್ರತಿಧ್ವನಿ ಒಂದೇ,
ಎಂಟನೇ ವಯಸ್ಸಿನದು.
ವಠಾರದ ಸಂಪಿನ ಬಾಯಲ್ಲಿ ತೂರುವಷ್ಟು ಸಣಕಲಿ
ನಾನೊಬ್ಬಳೇ ಇದ್ದದ್ದು.
ಪೊರಕೆ, ಮಗ್ಗು, ಪಾದ ಮುಳುಗುವ ನೀರು.
ಚೌಕ ಬೆಳಕಿನಿಂದ ಅತ್ತೆ ಬಗ್ಗಿ
"ಲೇ ಪ್ರಮೀಳಾ, ಆಯ್ತಾ?" ಎಂದರೆ
ಆಯ್ತಾ ಎನ್ನುವುದು ನಾಲ್ಕು ಗೋಡೆಗೂ ತಾಗಿ
ತಾ, ತಾ, ತಾ ಅಂತ ಬೆನ್ನಿಗೆ ಬರೋದು.
ಉತ್ತರ ಕೊಡದೆ ಸುಮ್ಮನಿರುತ್ತಿದ್ದೆ,
ಇನ್ನೊಮ್ಮೆ ಕೂಗಲಿ ಅಂತ.

ಆ ಸಂಪನ್ನು ಹನ್ನೊಂದು ರಾತ್ರಿ ಹುಡುಕಿದೆ.
ರೂಮು ಆರಿಸಿ ಡಿಕೇ ಮೂರು ಸೆಕೆಂಡು: ಅದು ಬಾವಿ.
ಮುಕ್ಕಾಲು: ಬಚ್ಚಲು.
ಒಂದೂ ಮುಕ್ಕಾಲು, ಮೇಲಿನ ಕೀರಲು ಇಳಿಸಿ,
ಪ್ರೀ-ಡಿಲೇ ಎಂಟಕ್ಕೆ ತಂದು
ಒಂದು ಸ್ವರ ಬಿಟ್ಟೆ.
ಪಾದಕ್ಕೆ ಸಿಮೆಂಟು ತಣ್ಣಗೆ ತಗುಲಿತು.

ಹೆಸರಿಡಬೇಕಲ್ಲ. ಪೆಟ್ಟಿಗೆಗೆ ಕನ್ನಡ ಬರೋಲ್ಲ.
ಗುಂಡಿ ತಿರುಗಿಸಿ ತಿರುಗಿಸಿ ಕೂರಿಸಿದೆ:
ಎಸ್, ಎ, ಎಂ, ಪಿ, ಯು.
ರಿಹರ್ಸಲಿನಲ್ಲಿ ಡ್ರಮ್ಮಿನ ಆರೋಗ್ಯಸ್ವಾಮಿ ಬಗ್ಗಿ ಓದಿ
"ಇದೇನು, ಸ್ಯಾಂಪಲ್ಲಾ?" ಎಂದ.
ಹೂಂ ಎಂದೆ.

ಹೋದ ಭಾನುವಾರ ಮತ್ತೀಕೆರೆ, ಗಣೇಶನ ಪ್ರೋಗ್ರಾಂ.
ಜನರೇಟರಿನ ಗುಂಯ್ ಗಿಟಾರಿಗೂ ಹತ್ತಿತ್ತು.
ಮೂರನೇ ಹಾಡಿಗೆ ಸವೆದ ಪೆಡಲು ಒತ್ತಿದೆ.
ಮಿಕ್ಸರ್ ಹುಡುಗ ದೂರದಿಂದ ಕೈ ಬೀಸಿದ:
ತೆಗೀರಿ ಮೇಡಂ, ಎಲ್ಲಾ ಕೆಸರು ಕೆಸರು.
ಅವನು ಹೇಳಿದ್ದು ಸರಿ.
ಡೋಲು, ಕೀಬೋರ್ಡು, ಎರಡು ಗಂಟಲು, ಪಟಾಕಿ,
ಇಷ್ಟರ ನಡುವೆ ಸಂಪಿಗೆಲ್ಲಿ ಜಾಗ?
ತೆಗೆದೆ. ಒಣ ಸದ್ದಿನಲ್ಲೇ ಹನ್ನೆರಡು ಹಾಡು.

ಕೊನೆಯ ಹಾಡಿನ ಕೊನೆಯ ಸ್ವರಕ್ಕೆ ಮಾತ್ರ,
ಎಲ್ಲರೂ ನಿಲ್ಲಿಸಿದ ಮೇಲೆ, ಕಾಲು ತಾನೇ ಹೋಯಿತು.
ಒಂದೂ ಮುಕ್ಕಾಲು ಸೆಕೆಂಡು.
ಚಪ್ಪಾಳೆ ಒಂದಕ್ಕೇ ಬಂತು.

ವೈರು ಸುತ್ತಿದೆ. ಅಡಾಪ್ಟರ್ ಬಿಚ್ಚಿ
ಪೆಟ್ಟಿಗೆಯನ್ನು ಅದೇ ಟವೆಲಲ್ಲಿ ಇಟ್ಟೆ.
ಇನ್ನೂ ಬಿಸಿಯಿತ್ತು.